ಮುದಿ ಬುಲ್‌ಡಾಗಿಗೊಂದು ಮೂಲೆ ಬೇಡವೇ?

ಮರಿಯಿದ್ದಾಗ ಸಾವಿರಾರು ರೂಪಾಯಿ ಸುರಿದು ತಂದ ಬುಲ್‌ಡಾಗನ್ನು ಮುದಿಯಾಯ್ತೆಂದು ಬೀದಿಗೆ ಬಿಡುವುದು ಯಾವ ನ್ಯಾಯ ಸ್ವಾಮಿ? ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ದೂಡಿ ಕೈಬಿಡುವುದು 1960ರ ಕಾಯ್ದೆಯಂತೆ ಅಪರಾಧ.

ಹೀಗೆ ಪ್ರಾಣಿದಯಾ ಸಂಘಗಳ ಆಶ್ರಯ ಸೇರಿದ ಮುದಿ ನಾಯಿಯನ್ನು ಮನೆಗೆ ತರುವವರು ಲೆಕ್ಕ ಹಾಕಿಯೇ ತರಲಿ. ಈ ಜಾತಿಯ ಆಯಸ್ಸು ಸುಮಾರು 8-10 ವರ್ಷ. ಮೂಗು ಮೊಂಡು, ಉಸಿರಾಟ ಕಷ್ಟ. ಬೇಸಿಗೆಯ ಮಧ್ಯಾಹ್ನ ಅಂಗಡಿ ಮುಂದೆ ಬಿಸಿಲಲ್ಲಿ ಕಟ್ಟಿದರೆ ಪ್ರಾಣವೇ ಹೋದೀತು. ಮುಖದ ಮಡಿಕೆಗಳನ್ನು ಆಗಾಗ ಒರೆಸಬೇಕು, ಡಾಕ್ಟರ ಖರ್ಚೂ ಉಂಟು.

ಆದರೆ ಮರಿಯ ಕಾಟ ಇದಕ್ಕಿಲ್ಲ. ನೆರಳು, ನೀರು, ಎರಡು ಹೊತ್ತಿನ ಊಟ, ತಲೆ ಮೇಲೊಂದು ಕೈ. ಅದು ಕೇಳೋದು ಇಷ್ಟೇ. ಕಾವಲು ಬೇಕೆನ್ನೋರು ಒಳ್ಳೆ ಬೀಗ ಕೊಳ್ಳಲಿ. ಕರುಣೆ ಇದ್ದವರು ಮುದಿ ನಾಯಿ ತರಲಿ.