ಅಡಕತ್ತರಿಯೂ ಬ್ರೇಕ್ ಪೆಡಲೂ

ರಸ್ತೆಯ ಮೇಲೆ ಓಡಾಡುವ ಹಳೆಯ ಸಣ್ಣ ಕಾರಿಗೆ ಅಂಗಡಿಯಲ್ಲಿ ಸಿಗುವ ಹೊಸ ಪೆಡಲ್ ಜೋಡಣೆಯನ್ನು ಹಾಕಿಸುವ ಮುನ್ನ ಹಳೆಯದನ್ನು ಬಿಚ್ಚಿ ನೋಡಬೇಕು. ಹಾಕಿಸಲೇಬೇಕೆಂದರೆ ಪೆಡಲನ್ನಷ್ಟೇ ಅಲ್ಲ, ಅದರ ಹಿಂದಿರುವ ಲೆಕ್ಕವನ್ನು ಪೂರ್ತಿಯಾಗಿ ಹೊಸದಾಗಿ ಹಾಕಬೇಕು. ಇದು ನನ್ನ ಅಭಿಪ್ರಾಯ. ಕಾರಿನ ವಿಷಯದಲ್ಲಿ ಈ ಮೇಷ್ಟ್ರಿಗೇನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಬ್ರೇಕು ಒಂಬತ್ತನೆಯ ತರಗತಿಯ ಭೌತಶಾಸ್ತ್ರವಲ್ಲದೆ ಮತ್ತೇನೂ ಅಲ್ಲವಾದ್ದರಿಂದ ಅಷ್ಟು ಸಲುಗೆ ವಹಿಸಿದ್ದೇನೆ.

ಈ ಬರಹಕ್ಕೆ ಕಾರಣ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಆತನ ಬಳಿ ಅರುವತ್ತರ ದಶಕದ ಒಂದು ಮಿನಿ ಕಾರಿದೆ. ಮಿನಿ ಎಂದರೆ ಈಗಿನ ದಢೂತಿ ಮಿನಿಯಲ್ಲ. ಅಲೆಕ್ ಇಸ್ಸಿಗೋನಿಸ್ ವಿನ್ಯಾಸಗೊಳಿಸಿ 1959ರಲ್ಲಿ ಹೊರಬಂದು 2000ದವರೆಗೆ ತಯಾರಾದ, ಹತ್ತು ಅಡಿಗಿಂತ ಒಂದಿಷ್ಟೇ ಉದ್ದವಿರುವ, ಹತ್ತು ಇಂಚಿನ ಚಕ್ರಗಳ ಮೇಲೆ ಓಡುತ್ತಿದ್ದ ಪುಟ್ಟ ಕಾರು. ಅದೇ ಇಸ್ಸಿಗೋನಿಸ್ ಅದಕ್ಕೂ ಮೊದಲು ರೂಪಿಸಿದ್ದ 1948ರ ಮಾರಿಸ್ ಮೈನರ್ ನಮ್ಮ ದೇಶದಲ್ಲಿ 'ಬೇಬಿ ಹಿಂದುಸ್ತಾನ್' ಎಂಬ ಹೆಸರಿನಲ್ಲಿ ತಯಾರಾಯಿತು. ನಿಮ್ಮ ತಂದೆ-ತಾತಂದಿರಲ್ಲಿ ಕೆಲವರಿಗೆ ಅದರ ನೆನಪಿರಬಹುದು. ನಮ್ಮ ಹುಡುಗ (ಅವನಿಗೀಗ ಐವತ್ತು ಸಮೀಪಿಸಿದೆ, ನನಗೆ ಹುಡುಗನೇ) ಬರೆದದ್ದಿಷ್ಟು: "ಸರ್, ಕ್ಲಚ್ ಪೂರ್ತಿ ಬಿಡುವುದಿಲ್ಲ, ಬ್ರೇಕ್ ಪೆಡಲು ಅಲ್ಲಾಡುತ್ತದೆ. ಪಂದ್ಯದ ಕಾರುಗಳಿಗೆ ಹಾಕುವಂಥ ಪೆಡಲ್ ಬಾಕ್ಸ್ ಒಂದನ್ನು ತರಿಸಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೆಂದಿದ್ದೇನೆ. ಮಗಳಿಗೆ ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿಸುವ ಆಸೆ." ಕೊನೆಯ ಆ ಒಂದು ವಾಕ್ಯ ಇಲ್ಲದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ.

ಅಡಕತ್ತರಿಯನ್ನು ನೆನಪಿಸಿಕೊಳ್ಳಿ. ಒಂದು ತುದಿಯಲ್ಲಿ ಕೀಲು, ನಡುವೆ ಅಡಕೆ, ಇನ್ನೊಂದು ತುದಿಯಲ್ಲಿ ಅಜ್ಜಿಯ ಕೈ. ಎರಡನೆಯ ದರ್ಜೆಯ ಸನ್ನೆ. ಮಿನಿಯ ಪೆಡಲೂ ಅಂಥದ್ದೇ: ಮೇಲ್ತುದಿಯಲ್ಲಿ ಕೀಲು, ಅದರಿಂದ ಸ್ವಲ್ಪ ಕೆಳಗೆ ಮಾಸ್ಟರ್ ಸಿಲಿಂಡರನ್ನು ತಳ್ಳುವ ಸರಳು, ತುದಿಯಲ್ಲಿ ನಮ್ಮ ಪಾದ. ಕೀಲಿನಿಂದ ಪಾದಕ್ಕಿರುವ ದೂರವನ್ನು ಕೀಲಿನಿಂದ ಸರಳಿಗಿರುವ ದೂರದಿಂದ ಭಾಗಿಸಿದರೆ ದೊರೆಯುವುದೇ ಯಾಂತ್ರಿಕ ಲಾಭ. ಅದು 6 ಎಂದಿಟ್ಟುಕೊಳ್ಳೋಣ. ಪಾದ 30 ಕಿಲೋಗ್ರಾಂ ಭಾರದಷ್ಟು ಒತ್ತಿದರೆ ಸರಳಿನ ಮೇಲೆ 180 ಬೀಳುತ್ತದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚಾದರೆ ಅದರ ವಿಸ್ತೀರ್ಣ ಸುಮಾರು 2.85 ಚದರ ಸೆಂಟಿಮೀಟರು. ಬ್ರೇಕ್ ಆಯಿಲಿನ ಒತ್ತಡ ಚದರ ಸೆಂಟಿಮೀಟರಿಗೆ 63 ಕಿಲೋಗ್ರಾಂ. ಆಮೇಲಿನದು ಪ್ಯಾಸ್ಕಲನ ನಿಯಮ. ಆ ಒತ್ತಡ ನಾಲ್ಕು ಚಕ್ರಗಳತ್ತಲೂ ಹರಡುತ್ತದೆ.

ಈಗ ಅಂಗಡಿಯ ಪೆಡಲನ್ನು ಹಾಕಿ ನೋಡೋಣ. ನೋಡಲು ಸುಂದರ, ಹಗುರ, ಬಿಗಿ. ಆದರೆ ಅದನ್ನು ಬೂಸ್ಟರ್ ಇರುವ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಯಾಂತ್ರಿಕ ಲಾಭ 4 ಮಾತ್ರ. ಅದೇ 30 ಕಿಲೋಗ್ರಾಂಗೆ ಸರಳಿನ ಮೇಲೆ 120, ಒತ್ತಡ 42. ಮೂರರಲ್ಲಿ ಒಂದು ಭಾಗ ಮಾಯ! ಪಾದದ ಅಷ್ಟೇ ಬಲಕ್ಕೆ 30 ಮೀಟರಿನಲ್ಲಿ ನಿಲ್ಲುತ್ತಿದ್ದ ಕಾರಿಗೆ ಈಗ ಸುಮಾರು 45 ಮೀಟರು ಬೇಕು. ಇದಕ್ಕಿಂತ ಮೋಸದ ಸಂಗತಿಯೆಂದರೆ, ಯಾಂತ್ರಿಕ ಲಾಭ ಕಡಮೆಯಾದಾಗ ಪೆಡಲು ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ, ಸ್ವಲ್ಪವೇ ಕೆಳಗಿಳಿಯುತ್ತದೆ. "ಎಷ್ಟು ಚೆನ್ನಾಗಿ ಹಿಡಿಯುತ್ತದೆ ನೋಡಿ" ಎಂದು ಮಾಲೀಕ ಸಂತೋಷಪಡುತ್ತಾನೆ. ಹಿಡಿಯುತ್ತಿರುವುದು ಅವನ ಕಾಲಿನ ಸ್ನಾಯುವೇ ಹೊರತು ಚಕ್ರವಲ್ಲ. ಇನ್ನಷ್ಟು ಜೋರಾಗಿ ಒತ್ತಿದರಾಯಿತು ಎನ್ನುವವರುಂಟು. ಆಟಗಾರನ ಕಾಲಿನವರಿಗೆ ಸರಿ. ಹೊಸದಾಗಿ ಕಲಿಯುತ್ತಿರುವ ಹದಿನೇಳರ ಹುಡುಗಿ, ಎದುರಿಗೆ ಮಗುವೊಂದು ಓಡಿಬಂದ ಗಳಿಗೆಯಲ್ಲಿ, ಎಷ್ಟು ಒತ್ತಿಯಾಳು?

ಆ 4ರ ಪೆಡಲನ್ನೇ ಹಾಕಬೇಕೆಂದಿದ್ದರೆ ಮಾಸ್ಟರ್ ಸಿಲಿಂಡರಿನ ಒಳವ್ಯಾಸವನ್ನೂ ಇಳಿಸಬೇಕು. ಐದಂಟಾಂಶ ಇಂಚಿನ ಸಿಲಿಂಡರಿನ ವಿಸ್ತೀರ್ಣ 1.98 ಚದರ ಸೆಂಟಿಮೀಟರು. 120ನ್ನು ಅದರಿಂದ ಭಾಗಿಸಿ, 60 ದಾಟುತ್ತದೆ. ಒತ್ತಡ ಹೆಚ್ಚುಕಡಮೆ ಮೊದಲಿನಷ್ಟೇ ಆಯಿತು, ಪಾದ ಚಲಿಸುವ ದೂರವೂ ಮೊದಲಿನಷ್ಟೇ ಉಳಿಯಿತು. ಪೆಡಲು ಮತ್ತು ಸಿಲಿಂಡರು ಒಂದೇ ಲೆಕ್ಕದ ಎರಡು ಸಾಲುಗಳು. ಒಂದು ಸಾಲನ್ನು ಮಾತ್ರ ಅಂಗಡಿಯಿಂದ ತಂದು ಅಂಟಿಸಿದರೆ ಉತ್ತರ ಸರಿಬರುವುದು ಕಾಕತಾಳೀಯ.

ಹಾಗಾದರೆ ಹಳೆಯ ಪೆಡಲು ಅಲ್ಲಾಡುವುದೇಕೆ? ಮಿನಿಯಲ್ಲಿ ಬ್ರೇಕ್ ಮತ್ತು ಕ್ಲಚ್ ಪೆಡಲುಗಳೆರಡೂ ಒಂದೇ ಅಡ್ಡ ಸರಳಿನಿಂದ ತೂಗುತ್ತವೆ. ಆ ಸರಳೂ ಪೆಡಲಿನ ತೂತೂ ಐವತ್ತು ವರ್ಷಗಳಲ್ಲಿ ಸವೆಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಮಾಸ್ಟರ್ ಸಿಲಿಂಡರಿನ ಸರಳನ್ನು ಪೆಡಲಿಗೆ ಕೂಡಿಸುವ ಪುಟ್ಟ ಪಿನ್ನು ಸವೆದು, ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇಲ್ಲಿ ಸನ್ನೆ ನಮ್ಮ ವಿರುದ್ಧವೇ ಕೆಲಸ ಮಾಡುತ್ತದೆ: ಕೀಲಿನ ಬಳಿ ಒಂದು ಮಿಲಿಮೀಟರು ಸವೆದರೆ ಪಾದದ ಬಳಿ ಆರು ಮಿಲಿಮೀಟರು ವ್ಯರ್ಥ. ಕ್ಲಚ್ಚಿಗಂತೂ ಇಂಥ ಸವೆಯುವ ಜಾಗಗಳು ಹಲವು. ಪೆಡಲಿನ ಪಿನ್ನು, ಕೆಳಗೆ ಸ್ಲೇವ್ ಸಿಲಿಂಡರಿನ ಪಿನ್ನು, ಕ್ಲಚ್ ಬಿಡಿಸುವ ತೋಳಿನ ಗುಂಡು ತುದಿ; ಮೂರೂ ಸೇರಿ ಪಾದದ ಚಲನೆಯಲ್ಲಿ ಅರ್ಧ ಇಂಚಿಗೂ ಮಿಕ್ಕು ನುಂಗಿಬಿಡುತ್ತವೆ. ಗೇರು ಕರಕರ ಎನ್ನತೊಡಗುತ್ತದೆ. ಜನ ಮಾಸ್ಟರ್ ಸಿಲಿಂಡರು ಬದಲಾಯಿಸುತ್ತಾರೆ, ಸ್ಲೇವ್ ಬದಲಾಯಿಸುತ್ತಾರೆ, ಕೊನೆಗೆ ಪೆಡಲ್ ಬಾಕ್ಸನ್ನೇ ತರಿಸುತ್ತಾರೆ. ಮೇಲಿನ ಪಿನ್ನೊಂದು ಹೊಸದಾಗಿ ಕೆಳಗಿನ ತೋಳು ಹಾಗೆಯೇ ಉಳಿದಿರುತ್ತದೆ. ಹೊಸ ಪಿನ್ನುಗಳು, ತೂತಿಗೆ ವೆಲ್ಡಿಂಗ್ ತುಂಬಿ ಮತ್ತೆ ಕೊರೆದದ್ದು, ಒಂದು ಜೊತೆ ಬುಶ್ಶು, ಸವೆದ ತೋಳಿನ ಬದಲಿಗೆ ಬೇರೊಂದು. ನಮ್ಮೂರಿನ ಯಾವ ಲೇತ್ ಕೆಲಸದವನಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಹುದಾದ ರಿಪೇರಿ ಇದು. ಆದರೆ ಕೆಂಪು ಡಬ್ಬದಲ್ಲಿ ಬರುವ ಹೊಳೆಯುವ ವಸ್ತುವಿನ ಮೋಹ ಇದಕ್ಕಿಲ್ಲ.

ಪಂದ್ಯದ ಪೆಡಲ್ ಬಾಕ್ಸಿನ ಸಂಗತಿಯೇ ಬೇರೆ. ಅದರಲ್ಲಿ ಬ್ರೇಕಿಗೆ ಎರಡು ಮಾಸ್ಟರ್ ಸಿಲಿಂಡರುಗಳು. ನಡುವೆ ಒಂದು ತಕ್ಕಡಿ ದಂಡ. ಅದನ್ನು ತಿರುಗಿಸಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬಲವನ್ನು ಬೇಕಾದಂತೆ ಹಂಚಬಹುದು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಮಿನಿಯಲ್ಲಿ ಎಂಜಿನ್ನೂ ಮುಂದೆಯೇ ಇರುವುದರಿಂದ ಹಿಂಭಾಗ ಮೊದಲೇ ಹಗುರ. ಆದ್ದರಿಂದಲೇ ತಯಾರಕರು ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಡೆಯುವ ಕವಾಟವೊಂದನ್ನು ಇಟ್ಟಿದ್ದರು. ಪೆಡಲ್ ಬಾಕ್ಸ್ ಹಾಕುವವರು ಎಷ್ಟೋ ಸಲ ಅದನ್ನು ತೆಗೆದುಹಾಕುತ್ತಾರೆ. ಆಮೇಲೆ ದಂಡದ ಹೊಂದಾಣಿಕೆ ತುಸು ತಪ್ಪಿದರೂ ಮಳೆ ಬಿದ್ದ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ಬುಗುರಿಯಾಗುತ್ತದೆ. ಪಂದ್ಯದ ಮೈದಾನದಲ್ಲಿ ಅದನ್ನು ದಿನದಿನವೂ ಹೊಂದಿಸಲು ತಿಳಿದವರಿರುತ್ತಾರೆ. ತರಕಾರಿ ತರಲು ಹೋಗುವವನಿಗೆ ಆ ದಂಡವೇಕೆ?

ಹೀಗೆಂದ ಮಾತ್ರಕ್ಕೆ ಕಾರ್ಖಾನೆಯಿಂದ ಬಂದಂತೆಯೇ ಎಲ್ಲವೂ ಇರಬೇಕೆಂಬ ಮಡಿವಂತರ ಪಕ್ಷದವನಲ್ಲ ನಾನು. ಅರುವತ್ತರ ದಶಕದ ಮಿನಿಯ ಬ್ರೇಕಿಗೆ ಒಂದೇ ದ್ರವಮಾರ್ಗ. ಎಲ್ಲಿ ಒಂದು ಪೈಪು ಒಡೆದರೂ ನಾಲ್ಕೂ ಚಕ್ರಗಳ ಬ್ರೇಕು ಹೋಯಿತು. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಮಾರ್ಗಗಳು ಕಡ್ಡಾಯವಾದದ್ದು ಈ ಕಾರಣಕ್ಕೇ. ಎರಡು ಕೋಣೆಗಳ ಮಾಸ್ಟರ್ ಸಿಲಿಂಡರನ್ನು ಮೂಲ ಪೆಡಲಿಗೇ ಹೊಂದುವಂತೆ, ವ್ಯಾಸ ನೋಡಿಕೊಂಡು ಕೂಡಿಸುವುದಾದರೆ ನನ್ನ ಪೂರ್ಣ ಒಪ್ಪಿಗೆಯಿದೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ಗಣನೀಯ ಮಾರ್ಪಾಡುಗಳಾಗದ ನಲವತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಹಳೆಯ ಕಾರಿನವರಿಗೆ ಅದು ಹಬ್ಬದಂತೆ ಕಂಡಿರಬಹುದು. ವರ್ಷಕ್ಕೊಮ್ಮೆಯಾದರೂ ಬೇರೊಬ್ಬರ ಕಣ್ಣು ಬ್ರೇಕಿನ ಮೇಲೆ ಬೀಳುತ್ತಿದ್ದುದು ತಪ್ಪಿತೆಂದು ನನಗೆ ಕಾಣುತ್ತದೆ. ಮಾಲೀಕನು ತಾನಾಗಿ ತಪಾಸಣೆ ಮಾಡಿಸುವುದನ್ನು ಯಾರೂ ತಡೆದಿಲ್ಲ. ಮಾಡಿದ ಬದಲಾವಣೆಯನ್ನು ವಿಮೆಯವರಿಗೆ ತಿಳಿಸುವುದೂ ಅಷ್ಟೇ ಅಗತ್ಯ.

ಬೇಬಿ ಹಿಂದುಸ್ತಾನ್ ಇಟ್ಟುಕೊಂಡವರಿಗೆ ಒಂದು ಮಾತು. ಮಾರಿಸ್ ಮೈನರಿನಲ್ಲಿ ಮಾಸ್ಟರ್ ಸಿಲಿಂಡರು ಚಾಲಕನ ಕಾಲಡಿ, ನೆಲದ ಕೆಳಗಿನ ಚೌಕಟ್ಟಿನೊಳಗೆ ಅಡಗಿದೆ. ಬಿಚ್ಚುವುದು ಪ್ರಯಾಸವಾದ್ದರಿಂದ, ಅದನ್ನು ಮೇಲಕ್ಕೆ ತಂದು ಎಂಜಿನ್ನಿಗೂ ಕಾಲಿಗೂ ನಡುವಣ ತಗಡಿನ ಗೋಡೆಗೆ ತೂಗುಪೆಡಲಿನೊಂದಿಗೆ ಕೂಡಿಸುವ ಆಸೆ ಹಲವರಿಗೆ. ಗಾಬರಿಯಲ್ಲಿ ಮನುಷ್ಯ 70 ಕಿಲೋಗ್ರಾಂವರೆಗೂ ಒತ್ತಿಯಾನು. 6ರಿಂದ ಗುಣಿಸಿದರೆ 420 ಕಿಲೋಗ್ರಾಂ. ಆ ತಗಡನ್ನು ಮಾಡಿದವರು ಅಂಥ ಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಹಿಂದೆ ದಪ್ಪ ಪಟ್ಟಿ ಕೊಡದೆ ಹೋದರೆ ಗೋಡೆಯೇ ಬಾಗಿ, ಪಾದದ ಚಲನೆಯನ್ನು ಅದೇ ತಿಂದುಬಿಡುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ, ತೂತು ಕೊರೆದ ಅಲ್ಯುಮಿನಿಯಂ ಪೆಡಲ್ ಹೊದಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ಚಪ್ಪಲಿಗೆ ರಬ್ಬರು ಕೊಡುವ ಹಿಡಿತವನ್ನು ಅವು ಕೊಡಲಾರವು. ಸ್ಕ್ರೂ ಸಡಿಲಾದರೆ ಅಡ್ಡಕ್ಕೆ ತಿರುಗುತ್ತವೆ.

ಇಷ್ಟೆಲ್ಲ ಕೇಳಿಯೂ ಹೊಸ ಜೋಡಣೆ ಹಾಕಿದವರು ಮೊದಲು ನೋಡಬೇಕಾದದ್ದು, ತಳ್ಳುವ ಸರಳಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಪ್ಲೇ ಇದೆಯೇ ಎಂಬುದನ್ನು. ಅದಿಲ್ಲದಿದ್ದರೆ ಆಯಿಲು ತನ್ನ ತೊಟ್ಟಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಓಡುತ್ತ ಓಡುತ್ತ ಬಿಸಿಯಾಗಿ ಹಿಗ್ಗಿದ ಆಯಿಲು ಯಾರೂ ಒತ್ತದೆಯೇ ಬ್ರೇಕನ್ನು ಹಿಡಿದುಬಿಡುತ್ತದೆ. ಮನೆಯ ಮುಂದೆ ಸುತ್ತಿದಾಗ ಇದು ಗೊತ್ತಾಗುವುದಿಲ್ಲ, ಹತ್ತು ಮೈಲಿ ಹೋದ ಮೇಲೆ ಗೊತ್ತಾಗುತ್ತದೆ. ಬಳಿಕ ನಿಂತ ಕಾರಿನಲ್ಲಿ ಕುಳಿತು, ಇದ್ದ ಬಲವನ್ನೆಲ್ಲ ಹಾಕಿ ಒಂದು ನಿಮಿಷ ಪೆಡಲು ಒತ್ತಿ ಹಿಡಿಯಬೇಕು. ಅದು ಮೆಲ್ಲಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ. ಸ್ಪಂಜಿನಂತಿದ್ದರೆ ಗಾಳಿ ಉಳಿದಿದೆ. ಆ ಹೊತ್ತಿನಲ್ಲಿ ಇನ್ನೊಬ್ಬರು ಕಾರಿನ ಹಿಂದೆ ನಿಂತು ಕೆಂಪು ದೀಪ ಹೊತ್ತಿತೇ ಎಂದು ನೋಡಲಿ. ಕೆಲವು ಹಳೆಯ ಕಾರುಗಳಲ್ಲಿ ಆ ದೀಪದ ಸ್ವಿಚ್ಚು ಆಯಿಲಿನ ಒತ್ತಡದಿಂದ, ಕೆಲವದರಲ್ಲಿ ಪೆಡಲಿನ ಚಲನೆಯಿಂದ ಕೆಲಸ ಮಾಡುತ್ತದೆ. ಹೊಸ ಬಾಕ್ಸು ಹಾಕುವ ಸಂಭ್ರಮದಲ್ಲಿ ಅದರ ತಂತಿಯನ್ನು ಕೂಡಿಸದೆ ಬಿಟ್ಟ ಕಾರುಗಳು ಬೇಕಾದಷ್ಟಿವೆ.