ಎರಡು ವಾರ ತಡವಾದ ಕ್ಷಮೆ

ಸಂಸತ್ತಿನಲ್ಲಿ 44 ವರ್ಷ ಇದ್ದವರ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಅವರು ಗೆದ್ದ ಚುನಾವಣೆಗಳನ್ನು ಎಣಿಸುತ್ತಾರೆ. ಐರ್ಲೆಂಡಿನ ಎಂಡಾ ಕೆನ್ನಿ ಅವರ ವಿಷಯದಲ್ಲಿ ನನಗೆ ಮುಖ್ಯವೆನಿಸಿದ್ದು 2013ರ ಫೆಬ್ರವರಿ ತಿಂಗಳ ಎರಡು ವಾರಗಳು ಮಾತ್ರ.

ಕೆನ್ನಿ ಮೇಯೊ ಪ್ರದೇಶದವರು, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಸಂಸದರಾಗಿದ್ದ ತಂದೆ ತೀರಿಕೊಂಡ ಮೇಲೆ 1975ರ ಉಪಚುನಾವಣೆಯಲ್ಲಿ, 24ನೇ ವಯಸ್ಸಿಗೇ ಗೆದ್ದರು. (ತಂದೆಯ ಸೀಟು ಮಗನಿಗೆ! ನಮಗೇನೂ ಇದು ಹೊಸದಲ್ಲ.) 2020ರವರೆಗೂ ಸಂಸತ್ತಿನಲ್ಲಿದ್ದರು. 2011ರಲ್ಲಿ ಪ್ರಧಾನಿಯಾದಾಗ ದೇಶ 85 ಬಿಲಿಯನ್ ಯೂರೋ ನೆರವಿನ ಯೋಜನೆಯ ಹಂಗಿನಲ್ಲಿತ್ತು. 2013ರ ಡಿಸೆಂಬರ್‌ನಲ್ಲಿ ಅದರಿಂದ ಹೊರಬಂತು. ಕಾಮರ್ಸ್ ವಿದ್ಯಾರ್ಥಿಯಾದ ನಾನು ಅದನ್ನೇ ಬರೆಯಬೇಕಿತ್ತು. ಓದುತ್ತಾ ಹೋದಾಗ ಬೇರೊಂದು ಲೆಕ್ಕ ಕಣ್ಣಿಗೆ ಬಿತ್ತು.

ಐರ್ಲೆಂಡಿನಲ್ಲಿ ಮ್ಯಾಗ್ಡಲೀನ್ ಲಾಂಡ್ರಿ ಎಂಬ ಸಂಸ್ಥೆಗಳಿದ್ದವು. ಸನ್ಯಾಸಿನಿಯರು ಅವನ್ನು ನಡೆಸುತ್ತಿದ್ದರು. 1922ರಿಂದ 1996ರವರೆಗೆ ಸುಮಾರು 10 ಸಾವಿರ ಮಹಿಳೆಯರು, ನನ್ನ ವಯಸ್ಸಿನ ಹುಡುಗಿಯರೂ ಸೇರಿ, ಅಲ್ಲಿ ಕೂಲಿಯಿಲ್ಲದೆ ಬಟ್ಟೆ ಒಗೆದರು. ಇದು ಒಂದು ಧರ್ಮದ ತಪ್ಪು ಎಂದು ಯಾರೂ ಓದಿಕೊಳ್ಳಬಾರದು. ಮನೆಯವರೇ ಕಳಿಸಿದ್ದುಂಟು, ನ್ಯಾಯಾಲಯಗಳು ಕಳಿಸಿದ್ದುಂಟು. ಸರ್ಕಾರಿ ಇಲಾಖೆಗಳೂ ಅಲ್ಲಿಗೆ ಬಟ್ಟೆ ಕೊಡುತ್ತಿದ್ದವು. ಹೇಗೆ ಬಂದರೆಂದು ತಿಳಿದಿರುವ ಪ್ರಕರಣಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಸರ್ಕಾರದ ಕೈವಾಡವಿತ್ತು ಎಂದು 2013ರ ಫೆಬ್ರವರಿ 5ರಂದು ಬಂದ ವರದಿಯೇ ಹೇಳಿತು.

ಆ ದಿನ ಕೆನ್ನಿ ವಿಷಾದದ ಮಾತಾಡಿದರೇ ಹೊರತು ಸರ್ಕಾರದ ಪರವಾಗಿ ಪೂರ್ಣ ಕ್ಷಮೆ ಕೇಳಲಿಲ್ಲ. ಜನ ಸಿಟ್ಟಾದರು. ಫೆಬ್ರವರಿ 19ರಂದು ಅದೇ ಸದನದಲ್ಲಿ, ಗ್ಯಾಲರಿಯಲ್ಲಿ ಆ ಮಹಿಳೆಯರೇ ಕೂತಿರುವಾಗ, ಕ್ಷಮೆ ಕೇಳಿದರು. ಮಾತು ಮುಗಿಸುವಾಗ ಗಂಟಲು ಕಟ್ಟಿತು.

ಆ ಅಳುವನ್ನು ನಾಟಕ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಒಂದು ಪ್ರಶ್ನೆ ಬಿಡುತ್ತಿಲ್ಲ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಆಗ ಕೆನ್ನಿ ಸಂಸದರಾಗಿ 21 ವರ್ಷ ಆಗಿತ್ತು, ಸಚಿವರೂ ಆಗಿದ್ದರು. ದೀರ್ಘ ಸೇವೆ ಎಂದು ಹೊಗಳುವಾಗ ಆ 21 ವರ್ಷವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಎರಡು ವಾರದಲ್ಲಿ ತನ್ನ ಮಾತು ತಿದ್ದಿಕೊಂಡದ್ದಕ್ಕೆ ನಾನು ಅವರಿಗೆ ಅಂಕ ಕೊಡುತ್ತೇನೆ. ಬಹಳ ಜನ ಅಷ್ಟೂ ಮಾಡುವುದಿಲ್ಲ.

ನಮ್ಮ ಮನೆಯ ಉರ್ದುವಿನಲ್ಲಿ 'ಮಾಫಿ' ಎಂದರೆ ಕ್ಷಮೆಯೂ ಹೌದು, ಸಾಲ ಮನ್ನಾವೂ ಹೌದು. ಇಲ್ಲಿ ಮಾಫಿ ಕೇಳಿದ್ದು ಸಾಲಗಾರ. ಹಾಗಾಗಿ ಕ್ಷಮೆ ಸಿಕ್ಕರೂ ಸಾಲ ತೀರಬೇಕು. ಆಮೇಲೆ ಒಬ್ಬೊಬ್ಬರಿಗೆ, ಅಲ್ಲಿ ಕಳೆದ ಕಾಲಕ್ಕೆ ತಕ್ಕಂತೆ, 11,500ರಿಂದ 1 ಲಕ್ಷ ಯೂರೋವರೆಗೆ ಕೊಡುವ ಯೋಜನೆ ಬಂತು. ಲಾಂಡ್ರಿ ನಡೆಸಿದ ನಾಲ್ಕು ಸಂಸ್ಥೆಗಳು ಅದಕ್ಕೆ ಹಣ ಹಾಕಲು ಒಪ್ಪಲಿಲ್ಲ, ಸರ್ಕಾರವೇ ಕೊಟ್ಟಿತು.

ಕೊಟ್ಟದ್ದು ಒಳ್ಳೆಯದೇ. ನನ್ನ ತಕರಾರು ಇರುವುದು ಹೆಸರಿನ ಬಗ್ಗೆ. ಆ ಹಣವನ್ನು ಅವರು ಕರೆದದ್ದು 'ಎಕ್ಸ್‌ಗ್ರೇಷಿಯಾ', ಅಂದರೆ ಕೊಡಲೇಬೇಕೆಂದಿಲ್ಲ, ಆದರೂ ಕೊಡುತ್ತಿದ್ದೇವೆ ಎಂಬಂತೆ. ದುಡಿಸಿಕೊಂಡು ಕೊಡದೆ ಉಳಿಸಿಕೊಂಡ ಕೂಲಿಯನ್ನು ನಾವು ಅಕೌಂಟೆನ್ಸಿಯಲ್ಲಿ ಔಟ್‌ಸ್ಟ್ಯಾಂಡಿಂಗ್ ವೇಜಸ್ ಎಂದು ಹೊಣೆಗಳ ಕಡೆ ಬರೆಯುತ್ತೇವೆ. ಬೇರೆ ಎಲ್ಲಿ ಬರೆದರೂ ನಮ್ಮ ಮೇಡಂ ಕೆಂಪು ಗೆರೆ ಎಳೆಯುತ್ತಾರೆ.