ಕಂಪನಿ ಸೆಟ್ ಕೀಳಿಸಬೇಡಿ

ವರದಿಗೆಂದು ನಾವು ಓಡಾಡುವ ಹಳೆ ಕಾರಿಗೆ ಟಚ್ ಸ್ಕ್ರೀನ್ ಹಾಕಿಸಿ ಅನ್ನುವವರೇ ಎಲ್ಲ. ನಾವು ಒಪ್ಪಿಲ್ಲ. ಅಂಗಡಿಯಲ್ಲಿ ತೋರಿಸುವ ಹೊಸ ಸೆಟ್‌ಗಳಲ್ಲಿ ಹಲವಕ್ಕೆ ಎಫ್‌ಎಂ ಮಾತ್ರ, ಮೀಡಿಯಂ ವೇವ್ ಇಲ್ಲ. ಎಫ್‌ಎಂ ಗುಡ್ಡ ಅಡ್ಡ ಬಂದರೆ ಮುಗೀತು. ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್ ನೆಲ ಹಿಡಿದುಕೊಂಡೇ ಬರುತ್ತದೆ. ಕಳೆದ ಮಳೆಗಾಲ ಯಲ್ಲಾಪುರದ ಆಚೆ ಕರೆಂಟು ಹೋಗಿ, ಮೊಬೈಲ್ ಟವರ್ ಸತ್ತು, ಯಾವ ರಸ್ತೆ ಬಂದ್ ಆಗಿದೆ ಅಂತ ನಮಗೆ ತಿಳಿದದ್ದು ಈ ಸೆಟ್‌ನಿಂದಲೇ. ಗರಗರ ಇತ್ತು, ನಿಜ.

ಕ್ಯಾಸೆಟ್ ಓಡುವುದಿಲ್ಲ, ಬೆಲ್ಟ್ ಹೋಗಿದೆ. ಹಾಡಿಗೆ ಫೋನ್ ಸಾಕು.

ಬದಲಿಸಲೇಬೇಕೆಂದರೆ ಎಎಂ ಇದೆಯೇ ಎಂದು ಮೊದಲು ಕೇಳಿ. ವೈರ್ ಕತ್ತರಿಸಲು ಬಿಡಬೇಡಿ, ಕಪ್ಲರ್ ಹಾಕಿಸಿ. ಹಳೆ ಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ.